ಟರ್ಬೊ 350ರಿಂದ ಟಾರ್ಕ್‌ಫ್ಲೈಟ್‌ವರೆಗೆ: ಹಳೆಯ ಅಮೆರಿಕನ್ ಕಾರುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳನ್ನು ಹೋಲಿಸುವುದು ಹೇಗೆ

ಜನರಲ್ ಮೋಟರ್ಸ್‌ನ ಟರ್ಬೊ ಹೈಡ್ರಾಮ್ಯಾಟಿಕ್ 350ರಲ್ಲಿ ಮೊದಲ ಗೇರಿನ ಅನುಪಾತ (ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗಲು ಒಳಹೋಗುವ ಶಾಫ್ಟ್ ತಿರುಗಬೇಕಾದ ಸುತ್ತುಗಳು) 2.52, ಎರಡನೆಯದು 1.52. ಅದರ ಅಣ್ಣ ಟರ್ಬೊ 400ರಲ್ಲಿ 2.48 ಮತ್ತು 1.48. ಫೋರ್ಡ್‌ನ ಸಿ4, ಸಿ6 ಎರಡರಲ್ಲೂ 2.46 ಮತ್ತು 1.46. ಕ್ರೈಸ್ಲರ್‌ನ ಟಾರ್ಕ್‌ಫ್ಲೈಟ್‌ನಲ್ಲಿ 2.45 ಮತ್ತು 1.45. ಮೂರನೆಯ ಗೇರು ಎಲ್ಲದರಲ್ಲೂ 1.00. ಈಗ ಪ್ರತಿಯೊಂದರಲ್ಲೂ ಮೊದಲನೆಯದರಿಂದ ಎರಡನೆಯದನ್ನು ಕಳೆದು ನೋಡಿ. ಎಲ್ಲ ಕಡೆಯೂ ಸರಿಯಾಗಿ 1.00 ಉಳಿಯುತ್ತದೆ.

ಇದು ಕಾಕತಾಳೀಯವಲ್ಲ. ಒಂದಕ್ಕೊಂದು ಪೈಪೋಟಿಗೆ ನಿಂತಿದ್ದ ಮೂರು ಕಂಪನಿಗಳ ಈ ಐದೂ ಗೇರ್‌ಬಾಕ್ಸ್‌ಗಳ ಒಳಗೆ ಇರುವುದು ಒಂದೇ ಲೆಕ್ಕಾಚಾರದ ಗೇರು ಜೋಡಣೆ. ಅದನ್ನು ರೂಪಿಸಿದವರು ಹೊವರ್ಡ್ ಸಿಂಪ್ಸನ್ ಎಂಬ ಎಂಜಿನಿಯರ್. ಎರಡು ಗ್ರಹ ಗೇರು ಸೆಟ್‌ಗಳು, ಎರಡಕ್ಕೂ ನಡುವೆ ಒಂದೇ ಸೂರ್ಯ ಗೇರು. ಪ್ರತಿ ಸೆಟ್ಟಿನಲ್ಲೂ ನಡುವಿನ ಸೂರ್ಯ ಗೇರಿನ ಸುತ್ತ ಗ್ರಹ ಗೇರುಗಳು, ಅವನ್ನು ಹೊತ್ತ ಚೌಕಟ್ಟು ಕ್ಯಾರಿಯರ್, ಎಲ್ಲವನ್ನೂ ಸುತ್ತುವರಿದ ಹಲ್ಲಿನ ಉಂಗುರ ಹೊರಬಳೆ. ಸೂರ್ಯ ಗೇರಿನ ಹಲ್ಲುಗಳನ್ನು ಹೊರಬಳೆಯ ಹಲ್ಲುಗಳಿಂದ ಭಾಗಿಸಿದಾಗ ಬರುವ ಸಂಖ್ಯೆ 0.45 ಎಂದಿಟ್ಟುಕೊಳ್ಳಿ. ಸೂರ್ಯ ಗೇರನ್ನು ತಿರುಗದಂತೆ ಹಿಡಿದರೆ 1.45, ಅದು ಎರಡನೆಯ ಗೇರು. ಹಿಂದಿನ ಸೆಟ್ಟಿನ ಕ್ಯಾರಿಯರ್ ಅನ್ನು ಹಿಡಿದರೆ 2.45, ಅದು ಮೊದಲನೆಯದು. ಇನ್‌ಪುಟ್ ಶಾಫ್ಟನ್ನು ನೇರವಾಗಿ ಸೂರ್ಯ ಗೇರಿಗೆ ಸೇರಿಸಿ ಅದೇ ಕ್ಯಾರಿಯರ್ ಹಿಡಿದರೆ 1 ಭಾಗಿಸು 0.45, ಎಂದರೆ ಸುಮಾರು 2.2. ಅದು ರಿವರ್ಸ್. ಎಲ್ಲವೂ ಒಟ್ಟಿಗೆ ತಿರುಗಿದರೆ ಟಾಪ್.

ಆದ್ದರಿಂದ ಗೇರಿನ ಅನುಪಾತ ಹಿಡಿದುಕೊಂಡು ಯಾವ ಗೇರ್‌ಬಾಕ್ಸ್‌ನಲ್ಲಿ ಪಿಕಪ್ ಜಾಸ್ತಿ ಎಂದು ವಾದಿಸುವುದು ವ್ಯರ್ಥ. 2.52ಕ್ಕೂ 2.45ಕ್ಕೂ ಇರುವ ವ್ಯತ್ಯಾಸವನ್ನು ಸೀಟಿನಲ್ಲಿ ಕೂತವರು ಗುರುತಿಸಲಾರರು. ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ: ಎಂಜಿನ್ ಎಷ್ಟು ಎಳೆಯುತ್ತಿದೆ ಎಂಬ ಸುದ್ದಿ ಗೇರ್‌ಬಾಕ್ಸ್‌ಗೆ ಹೇಗೆ ತಲುಪುತ್ತದೆ, ಗೇರನ್ನು ಹಿಡಿಯುವುದು ಬ್ಯಾಂಡೋ (ಡ್ರಮ್ಮನ್ನು ಅಪ್ಪುವ ಪಟ್ಟಿ) ಕ್ಲಚ್ಚೋ (ಒತ್ತಿ ಹಿಡಿಯುವ ಪ್ಲೇಟುಗಳು), ಮತ್ತು ಆ ಪೆಟ್ಟಿಗೆ ಯಾವ ಎಂಜಿನ್ನಿಗೆ ಕೂರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಎಎಂಟಿ ಕಾರುಗಳಲ್ಲಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಇಲ್ಲಿ ಹೇಳುತ್ತಿರುವ ಪೆಟ್ಟಿಗೆಗಳಲ್ಲಿ ಕಂಪ್ಯೂಟರ್ ಇಲ್ಲ. ಎಲ್ಲ ತೀರ್ಮಾನವೂ ಆಯಿಲ್ ಒತ್ತಡದಿಂದ.

ಸಿಂಪ್ಸನ್‌ಗಿಂತ ಮುಂಚೆ

ದೊಡ್ಡ ಸಂಖ್ಯೆಯಲ್ಲಿ ಮಾರಾಟವಾದ ಮೊದಲ ಪೂರ್ಣ ಆಟೋಮ್ಯಾಟಿಕ್ ಎಂದರೆ ಹೈಡ್ರಾ-ಮ್ಯಾಟಿಕ್. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂತು. ಅದಕ್ಕೆ ನಾಲ್ಕು ಗೇರು, ಆದರೆ ಟಾರ್ಕ್ ಕನ್ವರ್ಟರ್ ಇರಲಿಲ್ಲ. ಬರೀ ಫ್ಲೂಯಿಡ್ ಕಪ್ಲಿಂಗ್. ಈ ವ್ಯತ್ಯಾಸ ಮುಖ್ಯ. ಫ್ಲೂಯಿಡ್ ಕಪ್ಲಿಂಗ್‌ನಲ್ಲಿ ಎಂಜಿನ್ನಿಗೆ ಕಟ್ಟಿದ ಚಕ್ರ ಆಯಿಲನ್ನು ಎಸೆಯುತ್ತದೆ, ಎದುರಿನ ಚಕ್ರ ಅದರ ಹೊಡೆತಕ್ಕೆ ತಿರುಗುತ್ತದೆ. ಎಷ್ಟು ಟಾರ್ಕ್ ಹೋಯಿತೋ ಅಷ್ಟೇ ಬರುತ್ತದೆ. ಟಾರ್ಕ್ ಕನ್ವರ್ಟರ್‌ನಲ್ಲಿ ಎರಡರ ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರವಿದೆ. ವಾಪಸ್ ಬರುವ ಆಯಿಲಿನ ದಿಕ್ಕನ್ನು ಅದು ತಿರುಗಿಸಿ ಮತ್ತೆ ಮೊದಲ ಚಕ್ರದ ಬೆನ್ನಿಗೆ ತಳ್ಳುವುದರಿಂದ, ಕಾರು ನಿಂತ ಸ್ಥಿತಿಯಿಂದ ಹೊರಡುವಾಗ ಟಾರ್ಕ್ ಸುಮಾರು ಎರಡು ಪಟ್ಟಾಗುತ್ತದೆ. ವೇಗ ಬಂದ ಮೇಲೆ ಸ್ಟೇಟರ್ ತನ್ನ ಒಮ್ಮುಖ ಕ್ಲಚ್ (ಒಂದೇ ದಿಕ್ಕಿಗೆ ತಿರುಗಲು ಬಿಡುವ ಕ್ಲಚ್) ಮೇಲೆ ಸುಮ್ಮನೆ ತಿರುಗುತ್ತದೆ.

ಕನ್ವರ್ಟರ್ ಇಲ್ಲದ್ದರಿಂದ ಹೈಡ್ರಾ-ಮ್ಯಾಟಿಕ್‌ಗೆ ಗಿಡ್ಡ ಮೊದಲ ಗೇರು ಬೇಕಾಯಿತು. ಎರಡರಿಂದ ಮೂರಕ್ಕೆ ಹೋಗುವಾಗ ಎರಡು ಗೇರು ಸೆಟ್‌ಗಳೂ ಏಕಕಾಲಕ್ಕೆ ಸ್ಥಿತಿ ಬದಲಿಸಬೇಕಿತ್ತು. ಹಾಗಾಗಿ ಅಲ್ಲಿ ಒಂದು ಜರ್ಕ್ ತಪ್ಪದು. ಚೆನ್ನಾಗಿ ಹೊಂದಿಸಿದ ಪೆಟ್ಟಿಗೆಯಲ್ಲೂ ಅದು ಕೊಂಚ ಗೊತ್ತಾಗುತ್ತದೆ. ಆದರೂ ಗಟ್ಟಿ ಪೆಟ್ಟಿಗೆ. ಎರಡನೇ ಮಹಾಯುದ್ಧದ ಎಂ5 ಸ್ಟುವರ್ಟ್ ಟ್ಯಾಂಕಿನಲ್ಲಿ ಎರಡು ಕ್ಯಾಡಿಲಾಕ್ ವಿ8 ಎಂಜಿನ್‌ಗಳ ಹಿಂದೆ ಇದ್ದದ್ದು ಇದೇ. 1953ರ ಆಗಸ್ಟ್ 12ರಂದು ಮಿಶಿಗನ್‌ನ ಲಿವೋನಿಯಾದಲ್ಲಿದ್ದ ಹೈಡ್ರಾ-ಮ್ಯಾಟಿಕ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ, ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೈಲ್ ಕಾರುಗಳು ಬ್ಯುಯಿಕ್‌ನ ಡೈನಾಫ್ಲೋ ಹಾಕಿಕೊಂಡು, ಪಾಂಟಿಯಾಕ್‌ಗಳು ಶೆವ್ರೊಲೆಯ ಪವರ್‌ಗ್ಲೈಡ್ ಹಾಕಿಕೊಂಡು ಹೊರಬಂದವು. ಆ ವರ್ಷದ ಕ್ಯಾಡಿಲಾಕ್ ಕೆಳಗೆ ಡೈನಾಫ್ಲೋ ಕಂಡರೆ ಯಾರೋ ಬದಲಿಸಿದ್ದಾರೆ ಎಂದು ತಕ್ಷಣ ತೀರ್ಮಾನಿಸಬೇಡಿ.

1948ರ ಡೈನಾಫ್ಲೋ ಇದರ ತದ್ವಿರುದ್ಧ. ಡ್ರೈವ್‌ನಲ್ಲಿ ಅದು ಗೇರೇ ಬದಲಿಸುವುದಿಲ್ಲ, ಎಲ್ಲವನ್ನೂ ಕನ್ವರ್ಟರಿಗೇ ಬಿಟ್ಟಿದೆ. ಬೆಣ್ಣೆಯಂಥ ಓಟ, ಆದರೆ ಹೊರಡುವಾಗ ಎಂಜಿನ್ ಕೂಗುತ್ತದೆ, ಕಾರು ನಿಧಾನ.

1950ರಲ್ಲಿ ಬಂದ ಪವರ್‌ಗ್ಲೈಡ್ ಕೂಡ ಮೊದಲು ಹೀಗೇ ಇತ್ತು. 1953ರಿಂದ ಲೋ ಗೇರಿನಲ್ಲಿ ಹೊರಟು ತಾನೇ ಹೈಗೆ ಬದಲಿಸತೊಡಗಿತು. 1962ರಿಂದ ಅಲ್ಯೂಮಿನಿಯಂ ಪೆಟ್ಟಿಗೆ, 1973ರವರೆಗೆ ತಯಾರಾಯಿತು. ಇದರ ಲೋ ಗೇರು ಎಂಜಿನ್ನಿಗೆ ತಕ್ಕಂತೆ 1.82 ಅಥವಾ 1.76. ಕನ್ವರ್ಟರಿನ ಎರಡು ಪಟ್ಟು ಸೇರಿಸಿದರೂ ಹೊರಡುವಾಗ ಸಿಗುವುದು 3.64. ಅದೇ ಲೆಕ್ಕದಲ್ಲಿ ಟರ್ಬೊ 350 ಕೊಡುವುದು 5.04. ರಸ್ತೆಯ ಕಾರಿನಲ್ಲಿ ಪವರ್‌ಗ್ಲೈಡ್ ಯಾಕೆ ಮಂದ ಎನ್ನುವುದಕ್ಕೆ ಇಷ್ಟು ಸಾಕು. ಡ್ರ್ಯಾಗ್ ರೇಸಿನವರು ಮಾತ್ರ ಇದನ್ನು ಇಂದಿಗೂ ಬಿಟ್ಟಿಲ್ಲ: ತೂಕ ಕಡಿಮೆ, ಒಳಗೆ ತಿರುಗುವ ಭಾಗಗಳು ಕಡಿಮೆ, ಓಟದುದ್ದಕ್ಕೂ ಗೇರು ಬದಲಾಗುವುದು ಒಂದೇ ಸಲ. ಅತಿ ಶಕ್ತಿಯ ಎಂಜಿನ್ನಿಗೆ ಹೊರಡುವಾಗ ಟಾರ್ಕ್ ಕಡಿಮೆ ಸಿಕ್ಕರೆ ಟೈರು ಜಾರುವುದೂ ಕಡಿಮೆ.

ಎಂಜಿನ್ ಎಳೆತದ ಸುದ್ದಿ

ಗೇರು ಯಾವಾಗ ಬದಲಾಗಬೇಕು ಎಂಬುದನ್ನು ಎರಡು ಒತ್ತಡಗಳು ತೀರ್ಮಾನಿಸುತ್ತವೆ. ಔಟ್‌ಪುಟ್ ಶಾಫ್ಟಿನ ಜೊತೆ ತಿರುಗುವ ಗವರ್ನರ್, ಕಾರಿನ ವೇಗ ಹೆಚ್ಚಿದಂತೆ ಒತ್ತಡ ಹೆಚ್ಚಿಸಿ ಶಿಫ್ಟ್ ವಾಲ್ವನ್ನು ಒಂದು ಕಡೆಯಿಂದ ತಳ್ಳುತ್ತದೆ. ಎಂಜಿನ್ನಿನ ಹೊರೆಯನ್ನು ಹೇಳುವ ಒತ್ತಡ ಇನ್ನೊಂದು ಕಡೆಯಿಂದ ತಡೆಯುತ್ತದೆ. ಗವರ್ನರ್ ಗೆದ್ದ ಕ್ಷಣ ಮೇಲಿನ ಗೇರು ಬೀಳುತ್ತದೆ. ಹೊರೆಯ ಒತ್ತಡಕ್ಕೆ ಇನ್ನೊಂದು ಕೆಲಸವೂ ಇದೆ: ಕ್ಲಚ್ ಮತ್ತು ಬ್ಯಾಂಡ್‌ಗಳನ್ನು ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಎನ್ನುವುದನ್ನೂ ಅದೇ ನಿರ್ಧರಿಸುತ್ತದೆ. ಹಳೆಯ ಪೆಟ್ಟಿಗೆಗಳು ಸುಟ್ಟುಹೋಗುವುದು ಹೆಚ್ಚಾಗಿ ಇಲ್ಲೇ.

ಟರ್ಬೊ 350, ಟರ್ಬೊ 400, ಸಿ4, ಸಿ6 ಈ ನಾಲ್ಕೂ ಹೊರೆಯನ್ನು ತಿಳಿಯುವುದು ಎಂಜಿನ್ ವ್ಯಾಕ್ಯೂಮ್‌ನಿಂದ. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಒಂದು ತೆಳು ಉಕ್ಕಿನ ಪೈಪು ಕೆಳಗಿಳಿದು, ಕೊನೆಯಲ್ಲಿ ಗೇಣುದ್ದಕ್ಕಿಂತ ಕಡಿಮೆ ರಬ್ಬರ್ ಹೋಸು, ಅದರ ತುದಿಗೆ ಮಾಡ್ಯುಲೇಟರ್ ಎಂಬ ಸಣ್ಣ ತಗಡಿನ ಡಬ್ಬಿ. ಡಬ್ಬಿಯ ಒಳಗೆ ರಬ್ಬರ್ ಪೊರೆ. ಆ ಹೋಸು ಬಿರುಕು ಬಿಟ್ಟರೆ ವ್ಯಾಕ್ಯೂಮ್ ಸಿಗದೆ ಗೇರ್‌ಬಾಕ್ಸ್ ಎಂಜಿನ್ ಪೂರ್ತಿ ದುಡಿಯುತ್ತಿದೆ ಎಂದು ತಿಳಿಯುತ್ತದೆ. ಗೇರು ತಡವಾಗಿ, ದಡಕ್ಕೆಂದು ಬೀಳುತ್ತದೆ. ಪೊರೆಯೇ ಹರಿದರೆ ಎಂಜಿನ್ ಆ ಪೈಪಿನಿಂದ ಗೇರ್ ಆಯಿಲನ್ನು ಹೀರಿ ಸುಡುತ್ತದೆ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ, ಕೆಳಗೆ ಎಲ್ಲೂ ಸೋರಿಕೆ ಕಾಣದೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುತ್ತಲೇ ಇರುತ್ತದೆ. ಎಂಜಿನ್ ರಿಂಗು ಹೋಯಿತೆಂದು ಹೆದರಿ ಎಂಜಿನ್ ಬಿಚ್ಚುವ ಮೊದಲು ಆ ರಬ್ಬರ್ ಹೋಸನ್ನು ಮಾಡ್ಯುಲೇಟರ್‌ನಿಂದ ಎಳೆದು ಒಳಗೆ ನೋಡಿ. ಕೆಂಪು ಆಯಿಲ್ ಕಂಡರೆ ಮಾಡ್ಯುಲೇಟರ್ ಬದಲಿಸಿದರೆ ಮುಗಿಯಿತು. ಅಗ್ಗದ ಭಾಗ, ಪ್ಯಾನ್ (ಪೆಟ್ಟಿಗೆಯ ತಳದ ಆಯಿಲ್ ತಟ್ಟೆ) ಇಳಿಸುವ ಕೆಲಸವೂ ಇಲ್ಲ.

ಈ ಪದ್ಧತಿಯ ದೌರ್ಬಲ್ಯ ಒಂದೇ. ದೊಡ್ಡ ಕ್ಯಾಮ್‌ಶಾಫ್ಟ್ ಹಾಕಿದ ಎಂಜಿನ್ನಿಗೆ ಐಡಲ್‌ನಲ್ಲಿ ವ್ಯಾಕ್ಯೂಮ್ ಕಡಿಮೆ. ಮಾಮೂಲಿ ಎಂಜಿನ್ ಪಾದರಸದ 17ರಿಂದ 20 ಇಂಚು ಕೊಡುವ ಕಡೆ ಅದು 10 ಕೊಟ್ಟೀತು. ಆಗ ನಿಧಾನವಾಗಿ ಓಡಿಸಿದರೂ ಗೇರು ಒರಟಾಗಿ ಬೀಳುತ್ತದೆ. ಒಳಗಿನ ಸ್ಪ್ರಿಂಗನ್ನು ತಿರುಪಿನಿಂದ ಹೊಂದಿಸಬಹುದಾದ ಮಾಡ್ಯುಲೇಟರ್ ಇದಕ್ಕೆಂದೇ ಸಿಗುತ್ತದೆ.

ಕಿಕ್‌ಡೌನ್ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಯುವುದು) ಮಾತ್ರ ಒಂದೊಂದರಲ್ಲಿ ಒಂದೊಂದು ಥರ. ಟರ್ಬೊ 350ಕ್ಕೆ ಕಾರ್ಬ್ಯುರೇಟರ್‌ನಿಂದ ಕೇಬಲ್. ಟರ್ಬೊ 400ಕ್ಕೆ 12 ವೋಲ್ಟ್ ವೈರು: ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸ್ವಿಚ್ ಮುಚ್ಚಿ, ಪೆಟ್ಟಿಗೆಯೊಳಗಿನ ಸೊಲೆನಾಯ್ಡ್ ಕೆಲಸ ಮಾಡುತ್ತದೆ. ಸಿ4, ಸಿ6ಗಳಿಗೆ ಕಡ್ಡಿ. ಈ ನಾಲ್ಕರಲ್ಲಿ ಕೇಬಲ್, ವೈರು ಅಥವಾ ಕಡ್ಡಿ ಕಳಚಿದ್ದರೆ ಕಿಕ್‌ಡೌನ್ ಇರುವುದಿಲ್ಲ ಅಷ್ಟೇ, ಪೆಟ್ಟಿಗೆಗೆ ಅಪಾಯವಿಲ್ಲ.

ಟಾರ್ಕ್‌ಫ್ಲೈಟ್ ಹಾಗಲ್ಲ. ಅದಕ್ಕೆ ಮಾಡ್ಯುಲೇಟರ್ ಇಲ್ಲವೇ ಇಲ್ಲ. ಕಾರ್ಬ್ಯುರೇಟರ್‌ನಿಂದ ಬರುವ ಕಡ್ಡಿಯೇ ಹಿಡಿತದ ಒತ್ತಡವನ್ನೂ ಗೇರು ಬದಲಾಗುವ ವೇಗವನ್ನೂ ಕಿಕ್‌ಡೌನನ್ನೂ ನಡೆಸುತ್ತದೆ. ಮೂಲ ಕಾರ್ಬ್ಯುರೇಟರ್ ತೆಗೆದು ಹೊರಗಿನ ಕಂಪನಿಯದನ್ನು ಕೂರಿಸಿದಾಗ ಕಡ್ಡಿ ಹೊಂದುವುದಿಲ್ಲ. ತಂತಿಯಲ್ಲಿ ಕಟ್ಟಿ ಬದಿಗಿಟ್ಟುಬಿಡುತ್ತಾರೆ. ಕಾರು ಓಡುತ್ತದೆ, ಗೇರೂ ಮೆತ್ತಗೆ ಬೇಗ ಬೇಗ ಬೀಳುತ್ತದೆ, ಚಾಲಕರಿಗೆ ಖುಷಿ. ಒಳಗೆ ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಪ್ರತಿ ಸಲವೂ ಜಾರಿ ಸುಡುತ್ತಿರುತ್ತವೆ. ಕೊಳ್ಳಲು ಹೋದ ಡಾಡ್ಜ್ ಅಥವಾ ಪ್ಲಿಮತ್‌ನ ಬಾನೆಟ್ ತೆಗೆದ ಕೂಡಲೇ ಮೊದಲು ನೋಡಬೇಕಾದ್ದು ಈ ಕಡ್ಡಿಯನ್ನೇ. ಹೊಂದಿಸುವ ನಿಯಮ ಸರಳ: ಎಂಜಿನ್ ಆಫ್ ಮಾಡಿ ಕಾರ್ಬ್ಯುರೇಟರನ್ನು ಪೂರ್ತಿ ತೆರೆದಾಗ, ಗೇರ್‌ಬಾಕ್ಸ್ ಪಕ್ಕದ ಸಣ್ಣ ಲಿವರ್ ಹಿಂದಕ್ಕೆ ಅದರ ಕೊನೆಯ ಮಿತಿ ಮುಟ್ಟಿರಬೇಕು, ಬಿಟ್ಟಾಗ ತಡವಿಲ್ಲದೆ ವಾಪಸ್ ಬರಬೇಕು.

ಹಿಡಿಯುವ ಕೈಗಳು

ಮೂರನೆಯ ಗೇರಿಗೆ ಹೋಗುವ ಕ್ಷಣದಲ್ಲಿ ಈ ಪೆಟ್ಟಿಗೆಗಳ ನಡುವಿನ ಅಸಲಿ ವ್ಯತ್ಯಾಸ ಗೊತ್ತಾಗುತ್ತದೆ. ಟಾರ್ಕ್‌ಫ್ಲೈಟ್, ಸಿ4, ಸಿ6ಗಳಲ್ಲಿ ಎರಡನೆಯ ಗೇರನ್ನು ಹಿಡಿಯುವುದು ಡ್ರಮ್ಮಿನ ಹೊರಸುತ್ತನ್ನು ಅಪ್ಪುವ ಬ್ಯಾಂಡ್. ಮೂರಕ್ಕೆ ಹೋಗಲು ಬ್ಯಾಂಡ್ ಬಿಡಬೇಕು, ಅದೇ ಹೊತ್ತಿಗೆ ಕ್ಲಚ್ ಹಿಡಿಯಬೇಕು. ಬ್ಯಾಂಡ್ ಬೇಗ ಬಿಟ್ಟರೆ ನಡುವೆ ಎಂಜಿನ್ ಒಮ್ಮೆ ಕೂಗುತ್ತದೆ; ತಡವಾಗಿ ಬಿಟ್ಟರೆ ಎರಡು ಗೇರು ಒಟ್ಟಿಗೆ ಹಿಡಿದಂತಾಗಿ ಕಾರು ಮುಗ್ಗರಿಸುತ್ತದೆ. ಟರ್ಬೊ 350 ಮತ್ತು 400ರಲ್ಲಿ ಎರಡನೆಯ ಗೇರನ್ನು ಹಿಡಿಯುವುದು ಕ್ಲಚ್ ಮತ್ತು ಅದರ ಜೊತೆಗಿನ ಒಮ್ಮುಖ ಕ್ಲಚ್. ಮೂರನೆಯ ಗೇರಿನ ಕ್ಲಚ್ ಹಿಡಿದ ಕೂಡಲೇ ಒಮ್ಮುಖ ಕ್ಲಚ್ ತಾನಾಗಿ ಬಿಟ್ಟುಕೊಡುತ್ತದೆ. ಯಾವುದನ್ನೂ ಹೊತ್ತು ನೋಡಿ ಸಡಿಲಿಸಬೇಕಾಗಿಲ್ಲ. ಟರ್ಬೊ 400ರ ನಯವಾದ ಬದಲಾವಣೆಯ ಗುಟ್ಟು ಇದು. ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೋದಂಥ ಕಾರಿಗೂ, 1976ರ ಫೆರಾರಿ 400ಕ್ಕೂ ಈ ಅಮೆರಿಕನ್ ಪೆಟ್ಟಿಗೆ ಸರಿಹೋಯಿತು ಎಂದರೆ ಅದರ ನಯ ಮತ್ತು ಗಟ್ಟಿತನ ಎರಡಕ್ಕೂ ಬೇರೆ ಸಾಕ್ಷಿ ಬೇಡ.

ಬೆಲೆ ತೆರಬೇಕಾದ್ದು ಎಲ್ಲಿ? ಟರ್ಬೊ 350ರಲ್ಲಿ ಆ ಎರಡನೆಯ ಗೇರಿನ ಒಮ್ಮುಖ ಕ್ಲಚ್ಚೇ ದುರ್ಬಲ ಕೊಂಡಿ. ಶಕ್ತಿ ಹೆಚ್ಚಿಸಿದ ಎಂಜಿನ್ನಿನ ಹಿಂದೆ ಹೆಚ್ಚು ಸಲ ಕೈಕೊಡುವುದು ಅದು. 400ರಲ್ಲಿ ಎಲ್ಲವೂ ದೊಡ್ಡದು, ಆದರೆ ಒಳಗೆ ತಿರುಗುವ ತೂಕವೂ ಜಾಸ್ತಿ, ಸಣ್ಣ ವಿ8ರ ಹಿಂದೆ ಶಕ್ತಿ ಅಲ್ಲೇ ಒಂದಿಷ್ಟು ವ್ಯಯವಾಗುತ್ತದೆ. ಆಯಿಲಿಲ್ಲದ ತೂಕ 350ಕ್ಕೆ ಸುಮಾರು 54 ಕಿಲೋ, 400ಕ್ಕೆ 61. ಫೋರ್ಡ್‌ನಲ್ಲಿ ಸಿ4 ಸುಮಾರು 50, ಸಿ6 ಸುಮಾರು 64. ಕ್ರೈಸ್ಲರ್‌ನಲ್ಲೂ ಇದೇ ಜೋಡಿ: 1960ರ ಸಣ್ಣ ಎ904, 1962ರ ದೊಡ್ಡ ಎ727. 289 ಅಥವಾ 302 ಘನ ಇಂಚಿನ ಎಂಜಿನ್ನಿನ ಮಸ್ಟಾಂಗಿಗೆ ಸಿ6 ಹಾಕುವುದು ಅನವಶ್ಯಕ ಹೊರೆ. 350 ಘನ ಇಂಚಿನ ಎಂಜಿನ್ನಿನ ಮಾಮೂಲಿ ಶೆವ್ರೊಲೆಗೆ ಟರ್ಬೊ 350 ಧಾರಾಳ ಸಾಕು. 400, ಸಿ6, 727 ಇವು ಬಿಗ್ ಬ್ಲಾಕ್‌ಗಳಿಗೆ (ದೊಡ್ಡ ವಿ8ಗಳಿಗೆ) ಮತ್ತು ಭಾರ ಎಳೆಯುವ ಗಾಡಿಗಳಿಗೆ.

727ರ ಒಂದು ಅಪಾಯ ಗೊತ್ತಿರಲಿ. ಮೊದಲ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿರುವಾಗ ಡ್ರೈವ್‌ಶಾಫ್ಟ್ ಅಥವಾ ಆಕ್ಸಲ್ ಮುರಿದು, ಹಿಂದಿನ ಒಮ್ಮುಖ ಕ್ಲಚ್ ಕೂಡ ಕಳಚಿದರೆ, ಮುಂದಿನ ಡ್ರಮ್ ಎಂಜಿನ್ ವೇಗದ ಎರಡು ಪಟ್ಟಿಗೂ ಮೀರಿ ತಿರುಗಿ ಸಿಡಿಯಬಲ್ಲದು. ರೇಸಿಗೆ ಓಡಿಸುವವರು ಉಕ್ಕಿನ ಡ್ರಮ್ ಮತ್ತು ಪೆಟ್ಟಿಗೆಗೆ ಸ್ಫೋಟ ತಡೆಯುವ ಕವಚ ಹಾಕುವುದು ಇದಕ್ಕೆ.

ಎಲ್ಲದರಲ್ಲೂ ಸಿಂಪ್ಸನ್ ಜೋಡಣೆಯೇ ಇರುವುದರಿಂದ ಒಂದು ದೊಡ್ಡ ಅನುಕೂಲವಿದೆ. ಒಳಗೆ ಏನು ಕೆಟ್ಟಿದೆ ಎಂದು ಬಿಚ್ಚದೆಯೇ ಊಹಿಸಬಹುದು, ಮತ್ತು ಈ ಊಹೆ ಐದಕ್ಕೂ ಅನ್ವಯಿಸುತ್ತದೆ. ಫಾರ್ವರ್ಡ್ ಕ್ಲಚ್ ಮೂರೂ ಮುಂದಿನ ಗೇರುಗಳಲ್ಲಿ ಹಿಡಿದಿರುತ್ತದೆ. ಡೈರೆಕ್ಟ್ ಕ್ಲಚ್ ಹಿಡಿಯುವುದು ಮೂರರಲ್ಲಿ ಮತ್ತು ರಿವರ್ಸ್‌ನಲ್ಲಿ. ಆದ್ದರಿಂದ ಒಂದು, ಎರಡು ಸರಿಯಿದ್ದು ಮೂರು ಮತ್ತು ರಿವರ್ಸ್ ಎರಡೂ ಜಾರಿದರೆ ಡೈರೆಕ್ಟ್ ಕ್ಲಚ್ ಸುಟ್ಟಿದೆ. ರಿವರ್ಸ್ ಚೆನ್ನಾಗಿದ್ದು ಮುಂದೆ ಯಾವ ಗೇರೂ ಎಳೆಯದಿದ್ದರೆ ಫಾರ್ವರ್ಡ್ ಕ್ಲಚ್. ನ್ಯೂಟ್ರಲ್‌ನಲ್ಲೇ ಕಾರು ಮುಂದಕ್ಕೆ ತೆವಳಿದರೆ, ಲಿವರ್ ಹೊಂದಾಣಿಕೆ ಸರಿಯಿದೆ ಎಂದಾದರೆ, ಅದೇ ಫಾರ್ವರ್ಡ್ ಕ್ಲಚ್ಚಿನ ಪ್ಲೇಟುಗಳು ಸುಟ್ಟು ಅಂಟಿಕೊಂಡಿವೆ. ಡ್ರೈವ್‌ನಲ್ಲಿ ಹಾಕಿದರೆ ನಿಂತಲ್ಲಿಂದ ಹೊರಡುವುದೇ ಇಲ್ಲ, ಲಿವರ್ ಎಳೆದು ಒಂದಕ್ಕೆ ಹಾಕಿದರೆ ಹೊರಡುತ್ತದೆ ಎಂದರೆ ಮೊದಲ ಗೇರಿನ ಒಮ್ಮುಖ ಕ್ಲಚ್ ಹೋಗಿದೆ. ಕೈಯಿಂದ ಒಂದಕ್ಕೆ ಹಾಕಿದಾಗ ಬ್ಯಾಂಡ್ ಅಥವಾ ಲೋ ಕ್ಲಚ್ ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಟರ್ಬೊ 350ರಲ್ಲಿ ಇದರ ತಮ್ಮನಂಥ ಲಕ್ಷಣ ಇನ್ನೊಂದಿದೆ: ಡ್ರೈವ್‌ನಲ್ಲಿ ಎರಡನೆಯ ಗೇರು ಜಾರುತ್ತದೆ, ಲಿವರನ್ನು ಎರಡಕ್ಕೆ ಹಾಕಿದರೆ ಹಿಡಿಯುತ್ತದೆ. ಮೇಲೆ ಹೇಳಿದ ದುರ್ಬಲ ಕೊಂಡಿಯೇ ಕಳಚಿದೆ. ಮುಂದಿನ ಗೇರೆಲ್ಲ ಸರಿ, ರಿವರ್ಸ್ ಮಾತ್ರ ಇಲ್ಲ, ಒಂದರಲ್ಲಿ ಹಾಕಿ ಇಳಿಜಾರಿನಲ್ಲಿ ಬಿಟ್ಟರೆ ಎಂಜಿನ್ ಬ್ರೇಕ್ ಸಿಗುತ್ತಿಲ್ಲ ಎಂದಾದರೆ ಲೋ-ರಿವರ್ಸ್ ಬ್ಯಾಂಡ್ ಅಥವಾ ಕ್ಲಚ್ ನೋಡಿ. ಯಾವ ಗೇರಿನಲ್ಲೂ ಕದಲದಿದ್ದರೆ ಮೊದಲು ಆಯಿಲ್ ಮಟ್ಟ, ಆಮೇಲೆ ಫಿಲ್ಟರ್, ಆಮೇಲೆ ಪಂಪು.

ಕ್ರೈಸ್ಲರ್ ಮ್ಯಾನುಯಲ್‌ನಲ್ಲಿ ಡೈರೆಕ್ಟ್ ಕ್ಲಚ್ಚಿಗೆ ಫ್ರಂಟ್ ಕ್ಲಚ್ ಎಂದೂ ಫಾರ್ವರ್ಡ್‌ಗೆ ರಿಯರ್ ಕ್ಲಚ್ ಎಂದೂ ಹೆಸರು. ಭಾಗ ತರಿಸುವಾಗ ಇದನ್ನು ನೆನಪಿಡಿ.

ಫೋರ್ಡ್‌ನ ಇನ್ನೊಂದು ಆಟೋಮ್ಯಾಟಿಕ್ ಎಫ್‌ಎಂಎಕ್ಸ್‌ಗೆ ಈ ಪಟ್ಟಿ ಹಾಗೇ ಹೊಂದುವುದಿಲ್ಲ. ಅದರ ಅನುಪಾತ 2.40, 1.47. ಕಳೆದರೆ 0.93, ಅಂದರೆ ಅದು ಸಿಂಪ್ಸನ್ ಕುಟುಂಬದ್ದಲ್ಲ. ಎರಕದ ಕಬ್ಬಿಣದ ಪೆಟ್ಟಿಗೆ, ಭಾರ ಜಾಸ್ತಿ, ಮಧ್ಯಮ ಶಕ್ತಿಯ ಎಂಜಿನ್‌ಗಳಿಗೆ ನಂಬಿಕಸ್ಥ.

ಬ್ಯಾಂಡ್ ಹೊಂದಿಸುವುದು

ಬ್ಯಾಂಡ್ ಸವೆದಂತೆ ಸಡಿಲಾಗುತ್ತದೆ. ಹೊರಗಿನಿಂದ ಹೊಂದಿಸಲು ತಿರುಪು ಇರುವ ಪೆಟ್ಟಿಗೆಗಳಲ್ಲಿ ಇದು ಅರ್ಧ ಗಂಟೆಯ ಕೆಲಸ, ಆದರೆ ಸಣ್ಣ ಟಾರ್ಕ್ ವ್ರೆಂಚ್ ಬೇಕೇ ಬೇಕು. ಕೈ ಅಂದಾಜು ಇಲ್ಲಿ ಸಲ್ಲದು. ಲಾಕ್ ನಟ್ ಸಡಿಲಿಸಿ, ತಿರುಪನ್ನು ಹೇಳಿದಷ್ಟು ಬಿಗಿದು, ಹೇಳಿದಷ್ಟು ಸುತ್ತು ವಾಪಸ್ ಬಿಟ್ಟು, ತಿರುಪು ಕದಲದಂತೆ ಹಿಡಿದು ನಟ್ ಬಿಗಿಯಬೇಕು. ಸಿ4ರ ಎರಡನೆಯ ಗೇರಿನ ಬ್ಯಾಂಡಿಗೆ 10 ಫುಟ್-ಪೌಂಡ್ ಬಿಗಿದು 1¾ ಸುತ್ತು ಸಡಿಲ. ಲೋ-ರಿವರ್ಸ್ ಬ್ಯಾಂಡಿಗೆ ಅಷ್ಟೇ ಬಿಗಿದು 3 ಸುತ್ತು. ಸಿ6ಕ್ಕೆ ಒಂದೇ ಬ್ಯಾಂಡ್, 10 ಫುಟ್-ಪೌಂಡ್, 1½ ಸುತ್ತು. ಫೋರ್ಡ್‌ನ ಲಾಕ್ ನಟ್‌ನಲ್ಲೇ ಆಯಿಲ್ ಸೀಲ್ ಇರುವುದರಿಂದ ಪ್ರತಿ ಸಲವೂ ಹೊಸ ನಟ್ ಹಾಕಿ. ಅಲ್ಯೂಮಿನಿಯಂ ಪವರ್‌ಗ್ಲೈಡ್‌ನ ಲೋ ಬ್ಯಾಂಡಿಗೆ 70 ಇಂಚ್-ಪೌಂಡ್, ಓಡಿದ ಬ್ಯಾಂಡಾದರೆ 4 ಸುತ್ತು ವಾಪಸ್. ಟಾರ್ಕ್‌ಫ್ಲೈಟ್‌ಗೆ 72 ಇಂಚ್-ಪೌಂಡ್. ವಾಪಸ್ ಬಿಡುವ ಸುತ್ತು 727ರಲ್ಲಿ ಸಾಮಾನ್ಯವಾಗಿ 2, ಆದರೆ ಎಂಜಿನ್ ಮತ್ತು ವರ್ಷಕ್ಕೆ ತಕ್ಕಂತೆ ಬದಲಾಗುತ್ತದೆ, ಆ ವರ್ಷದ ಮ್ಯಾನುಯಲ್ ನೋಡಿಯೇ ಮಾಡಿ. ಅದರ ಹಿಂದಿನ ಬ್ಯಾಂಡಿನ ತಿರುಪು ಪ್ಯಾನಿನ ಒಳಗಿದೆ. ಆಯಿಲ್ ಬದಲಿಸುವಾಗಲೇ ಮುಗಿಸಿಬಿಡಿ. ಟರ್ಬೊ 350, 400ಕ್ಕೆ ಹೊರಗಿನ ಹೊಂದಾಣಿಕೆ ಇಲ್ಲ.

ಆಯಿಲ್

ಫೋರ್ಡ್ ಮತ್ತು ಜಿಎಂ ಆಯಿಲ್ ಒಂದೇ ಅಲ್ಲ. 1967ರಲ್ಲಿ ಬಂದ ಡೆಕ್ಸ್‌ರಾನ್‌ನಲ್ಲಿ ಕ್ಲಚ್ಚಿನ ಕೊನೆಯ ಹಿಡಿತವನ್ನು ಮೆತ್ತಗಾಗಿಸುವ ಸೇರ್ಪಡೆ ಇದೆ. ಫೋರ್ಡ್‌ನ ಟೈಪ್ ಎಫ್‌ನಲ್ಲಿ ಅದಿಲ್ಲ, ಪ್ಲೇಟುಗಳು ಗಬಕ್ಕನೆ ಹಿಡಿಯುತ್ತವೆ. 1977ಕ್ಕಿಂತ ಹಿಂದಿನ ಸಿ4, ಸಿ6, ಎಫ್‌ಎಂಎಕ್ಸ್‌ಗಳಿಗೆ ಟೈಪ್ ಎಫ್ ಎಂದೇ ಹೇಳಲಾಗಿದೆ. ಅದಕ್ಕೆ ಡೆಕ್ಸ್‌ರಾನ್ ಹಾಕಿದರೆ ಗೇರು ಎಳೆದೆಳೆದು ಬೀಳುತ್ತದೆ. ಆದರೆ ಈ ನಡುವೆ ಯಾರಾದರೂ ಪೆಟ್ಟಿಗೆ ಬಿಚ್ಚಿ ಹೊಸ ಪ್ಲೇಟು ಹಾಕಿದ್ದರೆ, ಆ ಪ್ಲೇಟಿಗೆ ಯಾವ ಆಯಿಲ್ ಹೇಳಿದ್ದಾರೆ ಎನ್ನುವುದೇ ಲೆಕ್ಕ. ಒಂದು ಕಾಲಕ್ಕೆ ಆ ಮೆತ್ತಗಾಗಿಸುವ ಸೇರ್ಪಡೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯಾಗಿತ್ತು. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಬೇರೆ ರಾಸಾಯನಿಕ ಹುಡುಕಬೇಕಾಯಿತು.

ಮಟ್ಟ ನೋಡುವುದು ಸಮತಟ್ಟು ನೆಲದಲ್ಲಿ, ಪೆಟ್ಟಿಗೆ ಬಿಸಿಯಾದ ಮೇಲೆ, ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ, ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಹಾಕಿ ತಂದ ಮೇಲೆ. ಜಿಎಂ, ಫೋರ್ಡ್‌ಗಳಲ್ಲಿ ಪಾರ್ಕ್‌ನಲ್ಲಿ ನೋಡಿ. ಟಾರ್ಕ್‌ಫ್ಲೈಟ್‌ನಲ್ಲಿ ಮಾತ್ರ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು. ಹಳೆಯ ಟಾರ್ಕ್‌ಫ್ಲೈಟ್ ಪಾರ್ಕ್‌ನಲ್ಲಿರುವಾಗ ಕನ್ವರ್ಟರಿಗೆ ಆಯಿಲ್ ತುಂಬಿಸುವುದಿಲ್ಲ, ಹಾಗಾಗಿ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ತಿಂಗಳುಗಟ್ಟಲೆ ನಿಂತ ಟಾರ್ಕ್‌ಫ್ಲೈಟ್ ಸ್ಟಾರ್ಟ್ ಮಾಡಿದ ಕೂಡಲೇ ಗೇರು ಹಿಡಿಯದಿರುವುದಕ್ಕೂ ಇದೇ ಕಾರಣ: ಕನ್ವರ್ಟರಿನ ಆಯಿಲ್ ಪ್ಯಾನಿಗೆ ಇಳಿದುಹೋಗಿರುತ್ತದೆ. ಒಂದು ನಿಮಿಷ ನ್ಯೂಟ್ರಲ್‌ನಲ್ಲಿ ಓಡಲು ಬಿಟ್ಟರೆ ಸರಿ.

ಆಯಿಲ್ ಹೆಚ್ಚಾದರೂ ಕೆಡುಕೇ. ತಿರುಗುವ ಗೇರುಗಳಿಗೆ ತಾಗಿ ನೊರೆಯಾದರೆ ಪಂಪು ಗಾಳಿ ಎಳೆಯುತ್ತದೆ, ಕಡಿಮೆಯಿದ್ದಾಗ ಆಗುವಂತೆಯೇ ಗೇರು ಜಾರುತ್ತದೆ. ಗುಲಾಬಿ ಹಾಲಿನಂತಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ನೀರು ಸೇರಿದೆ. ಪ್ಲೇಟುಗಳ ಲೈನಿಂಗ್ ನೀರಿಗೆ ಅಂಟು ಬಿಡುವುದರಿಂದ ಬರೀ ಆಯಿಲ್ ಬದಲಿಸಿ ಸುಮ್ಮನಾಗುವಂತಿಲ್ಲ. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ಪ್ಲೇಟು ಹೋಗಿದೆ.

ಪ್ಯಾನ್ ಇಳಿಸಿದರೆ ಬರುವುದು ಮೂರು ನಾಲ್ಕು ಲೀಟರ್ ಮಾತ್ರ. ಒಟ್ಟು ಪ್ರಮಾಣ ಪೆಟ್ಟಿಗೆಗೆ ತಕ್ಕಂತೆ ಸುಮಾರು 8ರಿಂದ 12 ಲೀಟರ್. ಉಳಿದದ್ದು ಕನ್ವರ್ಟರಿನಲ್ಲಿ. ಫೋರ್ಡ್ ಮತ್ತು ಕ್ರೈಸ್ಲರ್‌ನ ಅನೇಕ ಕನ್ವರ್ಟರ್‌ಗಳಿಗೆ ಡ್ರೇನ್ ಪ್ಲಗ್ ಇದೆ, ಜಿಎಂನವಕ್ಕೆ ಸಾಮಾನ್ಯವಾಗಿ ಇಲ್ಲ. ಫಿಲ್ಟರ್ ತೆಗೆಯುವಾಗ ಎರಡು ಎಚ್ಚರ: ಟರ್ಬೊ 400ರ ಹೀರುಪೈಪಿನ ಹಳೆಯ ಓ-ರಿಂಗ್ ಪೆಟ್ಟಿಗೆಯಲ್ಲೇ ಉಳಿದು, ಹೊಸದನ್ನು ಅದರ ಮೇಲೆ ತುರುಕಿದರೆ ಪಂಪು ಗಾಳಿ ಎಳೆದು ಗುಂಯ್‌ಗುಡುತ್ತದೆ. ಸಿ4ರ ಫಿಲ್ಟರ್ ಕಳಚಿದರೆ ಅದು ಒತ್ತಿ ಹಿಡಿದಿದ್ದ ಒಂದು ಸಣ್ಣ ವಾಲ್ವೂ ಸ್ಪ್ರಿಂಗೂ ಕೆಳಗಿನ ತಟ್ಟೆಗೆ ಬೀಳಬಹುದು. ಬಿದ್ದದ್ದು ಗೊತ್ತಾಗದೆ ಹಳೆಯ ಆಯಿಲ್ ಜೊತೆ ಎಸೆದವರಿದ್ದಾರೆ.

ಯಾವ ಪೆಟ್ಟಿಗೆ, ಯಾವ ಎಂಜಿನ್ನಿಗೆ

ಕಾರಿನ ಕೆಳಗೆ ಮಲಗಿ ಪ್ಯಾನ್ ನೋಡಿದರೆ ಗುರುತು ಸಿಗುತ್ತದೆ. ಪವರ್‌ಗ್ಲೈಡ್ 14 ಬೋಲ್ಟ್. ಟರ್ಬೊ 350 ಮತ್ತು 400 ಎರಡಕ್ಕೂ 13. 350ರ ಪ್ಯಾನ್ ಚೌಕಾಕಾರವಾಗಿ ಒಂದು ಮೂಲೆ ಕತ್ತರಿಸಿದಂತಿದೆ, 400ರದು ಉದ್ದ ಮತ್ತು ಅಂಕುಡೊಂಕು. ಸಿ4ಕ್ಕೆ 11, ಸಿ6ಕ್ಕೆ 17, ಟಾರ್ಕ್‌ಫ್ಲೈಟ್ ಎರಡಕ್ಕೂ 14.

ಜಿಎಂ ಪೆಟ್ಟಿಗೆ ಕೊಳ್ಳುವಾಗ ಬೆಲ್‌ಹೌಸಿಂಗ್ (ಎಂಜಿನ್ನಿಗೆ ಬೋಲ್ಟಾಗುವ ಗಂಟೆಯಾಕಾರದ ಮುಂಭಾಗ) ನೋಡದೆ ದುಡ್ಡು ಕೊಡಬೇಡಿ. ಟರ್ಬೊ 350, 400ರಲ್ಲಿ ಅದು ಪೆಟ್ಟಿಗೆಯ ಜೊತೆಗೇ ಎರಕವಾಗಿದೆ, ಬದಲಿಸಲಾಗದು. ಶೆವ್ರೊಲೆಯ ಬೋಲ್ಟ್ ಮಾದರಿ ಬೇರೆ. ಬ್ಯುಯಿಕ್, ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್‌ಗಳದು ಬೇರೆ. ಸಿ4ರ ಬೆಲ್‌ಹೌಸಿಂಗ್ ಬಿಚ್ಚಿ ಬದಲಿಸಬಹುದು, ಆದರೆ ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ (ತುದಿಯ ಉದ್ದುದ್ದ ಹಲ್ಲುಗಳು) 1970ರ ಸುಮಾರಿಗೆ ಬದಲಾಗಿದೆ. ಕನ್ವರ್ಟರ್ ಮತ್ತು ಶಾಫ್ಟನ್ನು ಜೋಡಿಯಾಗಿಯೇ ತೆಗೆದುಕೊಳ್ಳಿ. ಪವರ್‌ಗ್ಲೈಡ್ ತೆಗೆದು ಟರ್ಬೊ 350 ಹಾಕುವವರಿಗೆ ಅದೃಷ್ಟ ಚೆನ್ನಾಗಿದೆ: 6 ಇಂಚಿನ ಬಾಲದ ಟರ್ಬೊ 350 ಉದ್ದದಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅದೇ ಡ್ರೈವ್‌ಶಾಫ್ಟ್, ಅದೇ ಯೋಕ್ (ಶಾಫ್ಟನ್ನು ಪೆಟ್ಟಿಗೆಗೆ ಸೇರಿಸುವ ತುದಿ) ಸಾಕು.

ಜೋಡಿಸುವಾಗ ಪಂಪು ಮುರಿಯುವ ತಪ್ಪು ಒಂದಿದೆ. ಕನ್ವರ್ಟರ್ ಒಳಗೆ ಹೋಗುವಾಗ ಮೂರು ಹಂತದಲ್ಲಿ ಕೂರಬೇಕು: ಇನ್‌ಪುಟ್ ಶಾಫ್ಟ್, ಸ್ಟೇಟರ್ ಶಾಫ್ಟ್, ಕೊನೆಗೆ ಪಂಪಿನ ಕಚ್ಚು. ತಿರುಗಿಸುತ್ತಾ ತಳ್ಳಿದರೆ ಪ್ರತಿ ಹಂತದಲ್ಲೂ ಟಕ್ಕೆಂದು ಒಳಗೆ ಜಾರುತ್ತದೆ. ಬೆಲ್‌ಹೌಸಿಂಗ್ ಎಂಜಿನ್ನಿಗೆ ಪೂರ್ತಿ ಅಂಟಿದ ಮೇಲೂ ಕನ್ವರ್ಟರಿಗೂ ಫ್ಲೆಕ್ಸ್‌ಪ್ಲೇಟಿಗೂ (ಎಂಜಿನ್ನಿನ ಹಿಂತುದಿಯ ತೆಳು ತಟ್ಟೆ) ನಡುವೆ 3ರಿಂದ 5 ಮಿಲಿಮೀಟರ್ ಸಂದು ಇರಬೇಕು, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಸಂದು ಇಲ್ಲದಿದ್ದರೆ ಅದು ಪಂಪಿನೊಳಗೆ ಕೂತಿಲ್ಲ ಎಂದರ್ಥ. ಬೋಲ್ಟಿನಿಂದ ಎಳೆದು ಬಿಗಿದರೆ ಮೊದಲ ಸ್ಟಾರ್ಟಿಗೇ ಪಂಪು ಚೂರು. ಕ್ರೈಸ್ಲರ್‌ನ ನಾಲ್ಕು ಬೋಲ್ಟ್ ತೂತುಗಳಲ್ಲಿ ಒಂದು ಕೊಂಚ ಸರಿದಿದೆ. ಒಂದೇ ರೀತಿಯಲ್ಲಿ ಕೂರುತ್ತದೆ, ಬಲವಂತ ಮಾಡಬೇಡಿ.

ಹೆದ್ದಾರಿ ಓಟಕ್ಕೆ ನಾಲ್ಕನೆಯ ಗೇರು ಬೇಕೆಂದು 1982ರಲ್ಲಿ ಬಂದ ಜಿಎಂನ 700ಆರ್4 ಹಾಕುವವರು ಬಹಳ. ಅದರ ಅನುಪಾತ 3.06, 1.63, 1.00, 0.70. ಹಿಂದಿನ ಆಕ್ಸಲ್ 3.73 ಇದ್ದರೆ ಟಾಪ್‌ನಲ್ಲಿ 2.61ರಂತೆ ವರ್ತಿಸಿ ಎಂಜಿನ್ ಸುತ್ತು ಶೇಕಡಾ 30ರಷ್ಟು ಇಳಿಯುತ್ತದೆ. ಆದರೆ ಸುದ್ದಿ ತಲುಪುವ ವಿಷಯದಲ್ಲಿ ಇದು ಟಾರ್ಕ್‌ಫ್ಲೈಟ್‌ನ ಸಂಬಂಧಿ. ಕಾರ್ಬ್ಯುರೇಟರ್‌ನಿಂದ ಬರುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ನೋಡಲು ಟರ್ಬೊ 350ರ ಕಿಕ್‌ಡೌನ್ ಕೇಬಲ್ಲಿನಂತೆಯೇ ಇದೆ. ಕೆಲಸ ಮಾತ್ರ ಹಿಡಿತದ ಒತ್ತಡವನ್ನು ನಡೆಸುವುದು. ಅದು ಕಾರ್ಬ್ಯುರೇಟರಿನ ಲಿವರಿಗೆ ಸಿಕ್ಕಿಸುವ ಜಾಗ ಅರ್ಧ ಇಂಚು ಆಚೀಚೆಯಾದರೂ ಒತ್ತಡದ ಏರಿಕೆ ತಪ್ಪುತ್ತದೆ, ಮೂರು-ನಾಲ್ಕನೆಯ ಗೇರಿನ ಕ್ಲಚ್ ಸುಟ್ಟುಹೋಗುತ್ತದೆ. ಕಾರ್ಬ್ಯುರೇಟರಿಗೆ ತಕ್ಕ ಬ್ರಾಕೆಟ್ ಕೈಗೆ ಬರುವವರೆಗೆ ಈ ಪೆಟ್ಟಿಗೆಯನ್ನು ರಸ್ತೆಗಿಳಿಸಬೇಡಿ.

ಇನ್ನು ಕೆಟ್ಟು ನಿಂತ ಕಾರನ್ನು ಎಳೆಸುವ ಮಾತು. 1965ರವರೆಗಿನ ಟಾರ್ಕ್‌ಫ್ಲೈಟ್‌ಗೆ ಹಿಂದೆ ಇನ್ನೊಂದು ಪಂಪು ಇತ್ತು, ತಳ್ಳಿ ಸ್ಟಾರ್ಟ್ ಮಾಡಬಹುದಿತ್ತು. 1966ರಿಂದ ಅದಿಲ್ಲ. ಟರ್ಬೊಗಳಿಗೆ ಹಿಂದಿನ ಪಂಪು ಇರಲೇ ಇಲ್ಲ. ಎಂಜಿನ್ ಆಫ್ ಇರುವಾಗ ಒಳಗೆ ಆಯಿಲ್ ಹರಿಯುವುದಿಲ್ಲ, ಹಿಂದಿನ ಚಕ್ರ ತಿರುಗಿದರೆ ಬುಷ್‌ಗಳು ಒಣಗಿ ಸವೆಯುತ್ತವೆ. ಹಿಂದಿನ ಚಕ್ರ ಎತ್ತಿಸಿ ಸಾಗಿಸಿ, ಇಲ್ಲವೇ ಡ್ರೈವ್‌ಶಾಫ್ಟ್ ಬಿಚ್ಚಿಡಿ. ಹಳೆಯ ಫೋರ್ಡ್ ಆಗಿದ್ದರೆ ನಿಲ್ಲಿಸುವಾಗ ಪಾರ್ಕ್ ಒಂದನ್ನೇ ನಂಬಬೇಡಿ. ಲಿವರ್ ಪಾರ್ಕ್‌ನಲ್ಲಿ ಪೂರ್ತಿ ಕೂರದೆ ರಿವರ್ಸಿಗೆ ಜಾರುತ್ತದೆ ಎಂಬ ದೂರುಗಳ ನಂತರ, 1980ರ ಕೊನೆಯಲ್ಲಿ ಸರ್ಕಾರದೊಂದಿಗೆ ಆದ ಒಪ್ಪಂದದಂತೆ ಕೋಟಿಗಟ್ಟಲೆ ಕಾರು ಮಾಲೀಕರಿಗೆ ಎಚ್ಚರಿಕೆ ಚೀಟಿಗಳನ್ನು ಕಳಿಸಲಾಗಿತ್ತು. ಚೀಟಿಯ ಸಾರ ಇಂದಿಗೂ ಸಲ್ಲುತ್ತದೆ: ಲಿವರ್ ಪೂರ್ತಿ ಕೂತಿದೆಯೇ ನೋಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಎಂಜಿನ್ ಆಫ್ ಮಾಡಿಯೇ ಕೆಳಗಿಳಿಯಿರಿ.